ಕೊರಳಲ್ಲಿ ಸವತಿಯ ಪಾದ

“ಇದನ್ನ ಕೊರಳಿಂದ ಎಂದೂ ತಗೀಬ್ಯಾಡ, ಸ್ನೇಹಲಾ. ಹೊಸಾ ಸೀರಿ ಇರಲಿ, ಹೂವು ಇರಲಿ, ಮೊದಲ ಆಕಿಗೆ ತೋರಿಸಿ ಆಮ್ಯಾಲ ನೀ ಉಡು, ನೀ ಮುಡಿ. ಆಕಿ ನಿನ್ನ ಕೊರಳಾಗ ಇರೋ ತನಕ ಈ ಮನಿಗೆ ಚಿಂತಿ ಇಲ್ಲ.”

ಅತ್ತೆ ಇಂದಿರಾಬಾಯಿ ಹೀಗೆ ಹೇಳುತ್ತ ಹೊಸ ಸೊಸೆಯ ಕೊರಳಿಗೆ ಕಟ್ಟಿದ್ದು ಉಗುರಿನಗಲದ ಒಂದು ಬಂಗಾರದ ಬಿಲ್ಲೆ. ಅದರ ಮೇಲೆ ಎರಡು ಪುಟ್ಟ ಪಾದಗಳು. ಹೆಂಡತಿ ತೀರಿಹೋದವನು ಮತ್ತೆ ಮದುವೆಯಾದರೆ, ಸತ್ತವಳ ಪಾದವನ್ನು ಅಕ್ಕಸಾಲಿಗನಿಂದ ತಗಡಿನಲ್ಲಿ ಬಡಿಸಿ ಹೊಸಬಳ ಕೊರಳಿಗೆ ಕಟ್ಟುವುದು ಆ ಮನೆತನದ ಪದ್ಧತಿ. ಸವತಿ ಬಿಲ್ಲೆ ಎನ್ನುತ್ತಾರೆ. ಸತ್ತವಳಿಗೂ ಮನೆಯಲ್ಲೊಂದು ಜಾಗ ಇರಲಿ, ಹೊಟ್ಟೆಕಿಚ್ಚಿಗೆ ಬಂದು ಕಾಡದಿರಲಿ ಎಂದು.

ಸ್ನೇಹಲ ನಕ್ಕುಬಿಟ್ಟಳು. “ಅತ್ಯಾ, ಸೀರಿ ತೋರಿಸಿದ್ರ ಬಣ್ಣ ಒಪ್ಪತದೋ ಇಲ್ಲೋ ಅಂತ ಅವರು ಹೇಳತಾರೇನ್ರಿ?”

ಇಂದಿರಾಬಾಯಿ ನಗಲಿಲ್ಲ. ನೆಲದ ಮೇಲಿನ ಬಿಳಿ ಬಟ್ಟೆಯನ್ನು ಮಡಚತೊಡಗಿದಳು. ಮದುಮಗಳು ಈಗಷ್ಟೇ ಕುಂಕುಮದ ನೀರಿನಲ್ಲಿ ಕಾಲಿಟ್ಟು, ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಆ ಬಟ್ಟೆಯ ಮೇಲೆ ನಡೆದು ಬಂದಿದ್ದಳು. ಕೆಂಪು ಹೆಜ್ಜೆಗಳು ಇನ್ನೂ ಆರಿರಲಿಲ್ಲ. ಸ್ನೇಹಲಳ ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿರುವಂಥದ್ದು. ಅದೂ ಬಟ್ಟೆಯಲ್ಲಿ ಸ್ಪಷ್ಟವಾಗಿ ಮೂಡಿತ್ತು. ಅತ್ತೆ ಅದನ್ನು ಕೂಸಿನ ಅರಿವೆಯಂತೆ ಜೋಪಾನವಾಗಿ ಮಡಚಿ ಟ್ರಂಕಿನಲ್ಲಿಟ್ಟಳು. ಎಷ್ಟು ಅಕ್ಕರೆ ಈ ಮುದುಕಿಗೆ ಅಂದುಕೊಂಡಳು ಸ್ನೇಹಲ.

ಸೊಲ್ಲಾಪುರದಿಂದ ಬಂದವಳು ಆಕೆ. ಜೀವಶಾಸ್ತ್ರ ಕಲಿಸುವವಳು. ವಿಜಯಪುರದ ಅಥಣಿ ರಸ್ತೆಯಲ್ಲಿ ಡಾಕ್ಟರಾಗುವ ಮಕ್ಕಳನ್ನು ತಯಾರು ಮಾಡುವ ಒಂದು ಅಕಾಡೆಮಿ ಇತ್ತು. ಅದರ ಡೈರೆಕ್ಟರ್ ಸುಶೀಲೇಂದ್ರ. ಅಕಾಡೆಮಿಯನ್ನು ಕಟ್ಟಿದ್ದು ಮಾತ್ರ ಅವನಲ್ಲ, ಅವನ ಮೊದಲ ಹೆಂಡತಿ ಮೃಣಾಲ. ಆಕೆ ಭೌತಶಾಸ್ತ್ರ ಕಲಿಸಿದರೆ ಕಲ್ಲಿಗೂ ತಿಳಿಯುತ್ತಿತ್ತಂತೆ. ಸುಶೀಲೇಂದ್ರನಿಗೆ ಕಲಿಸಲು ಬರುತ್ತಿರಲಿಲ್ಲ, ಮಾತಾಡಲು ಬರುತ್ತಿತ್ತು. ಮೃಣಾಲ ಯಾವುದೋ ಹೆಸರಿಲ್ಲದ ಬೇನೆಯಿಂದ ತೀರಿಹೋದಳು. ಆಕೆಯ ಫೋಟೋ ಡೈರೆಕ್ಟರ್ ಕುರ್ಚಿಯ ಮೇಲಿನ ಗೋಡೆಗೆ ಹೋಯಿತು, ಕುರ್ಚಿಗೆ ಸುಶೀಲೇಂದ್ರ ಬಂದ.

ಅದರ ಮರುತಿಂಗಳೇ ಕೆಲಸಕ್ಕೆ ಸೇರಿದ ಸ್ನೇಹಲ ವರ್ಷದೊಳಗೆ ಅಕಾಡೆಮಿಯ ಕಣ್ಣಾದಳು. ಆಕೆಯ ಕ್ಲಾಸಿನಲ್ಲಿ ಮಕ್ಕಳು ಕಿಟಕಿಯ ಕಟ್ಟೆಯ ಮೇಲೂ ಕೂಡುತ್ತಿದ್ದರು. ಆಕೆಯ ಹೆಸರಿನ ಮೇಲೆಯೇ ತಿಕೋಟಾದಲ್ಲಿ ಒಂದು ಬ್ರಾಂಚು ತೆರೆಯಿತು. ಇಂಥವಳು ಬೇರೆ ಕಡೆ ಹೋಗಬಾರದೆಂದು ಅವನು ಮದುವೆಯ ಮಾತೆತ್ತಿದ. ಆ ಕುರ್ಚಿ ಇಂದಲ್ಲ ನಾಳೆ ತನ್ನದಾಗುತ್ತದೆಂದು ಅವಳು ಒಪ್ಪಿದಳು. ಪ್ರೀತಿ ಇರಲಿಲ್ಲವೆಂದಲ್ಲ. ಕುರ್ಚಿಯ ಮೇಲಿನದು ಸ್ವಲ್ಪ ಹೆಚ್ಚಿತ್ತು, ಅಷ್ಟೆ.

ಮದುವೆಯ ನಂತರದ ಮೊದಲ ಅಮಾವಾಸ್ಯೆ. ಸ್ನೇಹಲ ಬಿಲ್ಲೆಯನ್ನು ಬಚ್ಚಲುಮನೆಯ ಮೊಳೆಗೆ ನೇತುಹಾಕಿ, ಯಾರಿಗೂ ತೋರಿಸದ ಹೊಸ ಇಳಕಲ್ ಸೀರೆಯುಟ್ಟು ಕ್ಲಾಸಿಗೆ ಹೋದಳು. ಹಲಗೆಯ ಮೇಲೆ ನರಕೋಶದ ಚಿತ್ರ ಬಿಡಿಸುತ್ತಿದ್ದಾಗ ಎಲ್ಲೋ ಸದ್ದಾಯಿತು. ಟಿಣ್. ಸಣ್ಣ ಸುತ್ತಿಗೆಯಿಂದ ಲೋಹವನ್ನು ಬಡಿದಂತೆ. ಟಿಣ್. ಟಿಣ್.

“ಯಾರದು ಹೊರಗ ಬಡಿಯೋದು?” ಎಂದು ಕೇಳಿದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸದ್ದು ಹೊರಗಿನಿಂದ ಬರುತ್ತಿರಲಿಲ್ಲ. ಅವಳ ಎಡಗಾಲಿನ ಕಿರುಬೆರಳಿನ ಎಲುಬಿನಿಂದ ಬರುತ್ತಿತ್ತು.

ಸಂಜೆ ಚಪ್ಪಲಿ ಬಿಟ್ಟು ನೋಡಿದಾಗ ಬೆರಳು ಇದ್ದಲ್ಲೇ ಇತ್ತು, ಬಣ್ಣವೂ ಬದಲಾಗಿರಲಿಲ್ಲ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗಲಿಲ್ಲ. ಬೋರ್ಡ್ ಪಿನ್ನಿನಿಂದ ಚುಚ್ಚಿದಳು. ರಕ್ತ ಒಂದು ಹನಿ ಬಂತು, ನೋವು ಬರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಪಕ್ಕದ ಬೆರಳು. ಅದರ ಮುಂದಿನದಕ್ಕೆ ಮತ್ತೊಂದು. ಡಾಕ್ಟರು ನರಗಳ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದೆ ಎಂದು ಜೀವಸತ್ವದ ಸೂಜಿ ಚುಚ್ಚಿ ಕಳಿಸಿದರು. “ಟೆನ್ಶನ್ ಕಡಿಮಿ ಮಾಡ್ರಿ ಮೇಡಂ” ಎಂದರು. ಅವಳಿಗೆ ಟೆನ್ಶನ್ನೇ ಇರಲಿಲ್ಲ. ಅದೇ ಅವಳನ್ನು ಚುಚ್ಚಿದ್ದು. ಬೆರಳಿನ ಜೊತೆ ಇನ್ನೇನೋ ಸೋರಿ ಹೋಗುತ್ತಿತ್ತು. ಅವಳ ಮಕ್ಕಳು ಜಿಲ್ಲೆಗೇ ಮುಂದೆ ಬಂದರು, ಖುಷಿಯಾಗಲಿಲ್ಲ. ಸೊಲ್ಲಾಪುರದಿಂದ ಅವ್ವ ಫೋನಿನಲ್ಲಿ ಅತ್ತಳು. ಹೂಂ ಎಂದು ಕೇಳಿ ಇಟ್ಟಳು. ಊಟ ಊಟದಂತಿರಲಿಲ್ಲ, ಗಂಡ ಗಂಡನಂತಿರಲಿಲ್ಲ. ಎಲ್ಲವನ್ನೂ ದಪ್ಪ ಗಾಜಿನ ಆಚೆ ಇಟ್ಟಂತೆ ಇತ್ತು.

ನಗುತ್ತಿದ್ದವಳು ಕೊನೆಗೆ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡಳು. ಹೊಸ ಸೀರೆಯನ್ನು ಮೊದಲು ಅದರ ಮುಂದೆ ಹಿಡಿದಳು, ಹೂವನ್ನು ಮೊದಲು ಅದಕ್ಕೆ ಮುಟ್ಟಿಸಿದಳು. ಅತ್ತೆಗೆ ಸಮಾಧಾನವಾಯಿತು. ಅಮಾವಾಸ್ಯೆಯ ಸುತ್ತಿಗೆ ಮಾತ್ರ ನಿಲ್ಲಲಿಲ್ಲ. ಎಡಗಾಲು ಮುಗಿದು ಬಲಗಾಲಿಗೆ ಬಂತು.

ಜ್ಯೇಷ್ಠದ ಅಮಾವಾಸ್ಯೆಯ ಮಧ್ಯಾಹ್ನ. ಕ್ಲಾಸು ಮುಗಿದು ಮಕ್ಕಳು ಹೋಗಿದ್ದರು. ಶಿಕ್ಷಕರ ಕಿಟಕಿಯಿಲ್ಲದ ಎಸಿ ಕೋಣೆಯಲ್ಲಿ ಸ್ನೇಹಲ ಒಬ್ಬಳೇ ತನ್ನ ಕುರ್ಚಿಯಲ್ಲಿ ಕೂತಿದ್ದಾಗ ಕರೆಂಟು ಹೋಯಿತು. ಕಣ್ಣಿಗೆ ಏನೂ ಕಾಣದ ಕತ್ತಲೆ. ಎಸಿಯ ಗುಂಯ್ ನಿಂತಿತು. ಮೊದಲು ವಾಸನೆ ಬಂತು. ಮರುಗದ ವಾಸನೆ, ಅದರ ಜೊತೆ ಸೀಮೆಸುಣ್ಣದ ಧೂಳು. ಆಮೇಲೆ ಮೇಜಿನ ಕೆಳಗಿನಿಂದ ಒಂದು ಕೈ ಬಂದು ಅವಳ ಬಲಗಾಲಿನ ಹಿಮ್ಮಡಿಯನ್ನು ಹಿಡಿಯಿತು.

ತಣ್ಣಗಿತ್ತು. ಬಿಗಿಯಾಗಿತ್ತು. ಎಳೆಯಲಿಲ್ಲ. ಬರೀ ಹಿಡಿದುಕೊಂಡಿತ್ತು. ಅವಳು ಕಾಲು ಎಳೆದುಕೊಂಡಳು. ಕೈ ಬಿಡಲಿಲ್ಲ. ಕತ್ತಲಲ್ಲಿ ಯಾರೋ ಬಿಕ್ಕಿದರು. ಟಿಣ್ ಅಂತು ಎಲುಬಿನಲ್ಲಿ. ಕೈ ಇನ್ನೂ ಬಿಗಿಯಾಯಿತು.

ಬಾಗಿಲು ತೆರೆದದ್ದು ಆಫೀಸಿನ ಮುಮತಾಜ, ಮೊಬೈಲ್ ಬೆಳಕು ಹಿಡಿದುಕೊಂಡು. ಆ ಬೆಳಕು ಸ್ನೇಹಲಳ ಕಾಲಿನ ಮೇಲೆ ಬಿತ್ತು. ಹಿಮ್ಮಡಿಯ ಸುತ್ತ ಬಿಳಿ ಸೀಮೆಸುಣ್ಣದ ಐದು ಬೆರಳಿನ ಗುರುತು.

ಮುಮತಾಜ ಒಳಗೆ ಬಂದು ಕದ ಮುಚ್ಚಿದಳು. ಮೃಣಾಲಳ ಕಾಲದಿಂದ ಆಫೀಸು ನೋಡಿಕೊಂಡವಳು ಅವಳು. ತಗ್ಗಿದ ದನಿಯಲ್ಲಿ ಹೇಳಿದಳು.

“ಮೃಣಾಲ ಮೇಡಮ್ಮಾರಿಗೂ ಹಿಂಗ ಕಾಲಿಂದನ ಸುರು ಆಗಿತ್ರಿ. ಕಡೀಕ ಕಡೀಕ ಚಪ್ಪಲಿ ಕಳಚಿದ್ದೂ ಗೊತ್ತಾಗತಿದ್ದಿಲ್ಲ, ತಲಿಯಾಗ ಮರುಗ ಮುಡಕೊಂಡು ಬರಿಗಾಲಲೇ ಕ್ಲಾಸಿಗೆ ಬರತಿದ್ರು.”

“ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ?”

“ಹೆದರಿದ್ನಿರಿ. ಅಮಾಶಿ ದಿನ ಸರ್ ಎಲ್ಲಿರತಾರ, ಕೇಳ್ರಿ.”

“ತಿಕೋಟಾ ಬ್ರಾಂಚಿಗೆ ಹೋಗತಾರ.”

“ಬ್ರಾಂಚಿಗಲ್ರಿ. ಅಲ್ಲಿ ನಮ್ಮ ಚಾಚಿ ಮನಿ ಐತಿ. ಎದುರಿಗೆ ಬಂಗಾರ ಬಡಿಯೋ ಪತ್ತಾರ ಮೋನಪ್ಪನ ಅಂಗಡಿ. ಅಲ್ಲಿ ಕದಾ ಹಾಕ್ಕೊಂಡು ಕುಂತಿರತಾರ.”

ಮರುದಿನವೇ ಸ್ನೇಹಲ ತಿಕೋಟಾಕ್ಕೆ ಹೋದಳು. ಪತ್ತಾರನ ಅಂಗಡಿ ಒಂದು ಒಣದ್ರಾಕ್ಷಿ ಶೆಡ್ಡಿನ ಬೆನ್ನಿಗಿತ್ತು. ಸುಗ್ಗಿ ಮುಗಿದು ಶೆಡ್ಡು ಖಾಲಿ ಬಿದ್ದಿದ್ದರೂ ಗಂಧಕದ ಕಮಟು, ಹುಳಿತ ಹಣ್ಣಿನ ಸಿಹಿ ಇನ್ನೂ ಗಾಳಿಯಲ್ಲಿತ್ತು. ಒಳಗೆ ಕುಲುಮೆಯ ಕೆಂಡವೊಂದೇ ಬೆಳಕು. ಸುಟ್ಟ ಅರಗಿನ ವಾಸನೆ. ಅರಗಿನ ಗಟ್ಟಿಯ ಮೇಲೆ ಒಂದು ಬಂಗಾರದ ತಗಡು ಕೂತಿತ್ತು. ಅದರ ಪಕ್ಕದಲ್ಲಿ ಬಿಚ್ಚಿ ಹಾಸಿದ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಒಣಗಿ ಕಪ್ಪಾದ ಕುಂಕುಮದ ಹೆಜ್ಜೆಗಳು.

ಪಕ್ಕದ ಬೆರಳಿನ ಮೇಲೆ ಹತ್ತಿ ಕೂತ ಕಿರುಬೆರಳು. ತಗಡಿನಲ್ಲೂ ಅದೇ. ಎಡಪಾದ ಪೂರ್ತಿ ಎದ್ದಿತ್ತು, ಬಲಪಾದ ಅರ್ಧ.

ಮೋನಪ್ಪ ಅವಳ ಮುಖ ನೋಡಲಿಲ್ಲ, ಕಾಲನ್ನೇ ನೋಡಿದ. ನೋಡಿ ಗುರುತು ಹಿಡಿದ. ಅವನ ಕೈಯ ಚಿಮಟ ನೆಲಕ್ಕೆ ಬಿತ್ತು.

ಸ್ನೇಹಲ ಕೊರಳಿನ ಬಿಲ್ಲೆ ಎತ್ತಿ ತೋರಿಸಿದಳು. “ಇದನ್ನ ಯಾವಾಗ ಬಡದ್ರಿ?”

“ಎಳ್ಳ ಅಮಾಶಿಗೆ ಸುರು ಮಾಡಿ ದಸರಾಕ ಮುಗಿಸಿದ್ನಿರಿ.”

ಮೃಣಾಲ ತೀರಿದ ತಾರೀಖು ಗೋಡೆಯ ಫೋಟೋದ ಕೆಳಗೆ ಬರೆದಿತ್ತು, ದಿನಾ ಕಾಣುತ್ತಿತ್ತು. ಅದು ದಸರಾದ ಮರುದಿನ. ಸತ್ತ ಮೇಲೆ ಬಡಿಯಬೇಕಾದ ಪಾದವನ್ನು ಇವರು ಬದುಕಿದ್ದಾಗಲೇ ಬಡಿದಿದ್ದರು.

“ಸತ್ತವರ ಪಾದಾ ಬಡದ್ರ ಅವರಿಗೆ ಜಾಗಾ ಸಿಗತೈತ್ರಿ” ಎಂದ ಮೋನಪ್ಪ, ನೆಲ ನೋಡುತ್ತ. “ಬದುಕಿದವರದ ಬಡದ್ರ ಅವರ ಕಾಲಾನ ಭೂಮಿ ಸಡಲತೈತಿ. ಅಮಾಶಿಗೊಂದು ಬೆರಳು ಬಡದ್ರ ಬ್ಯಾನಿ ಅಂತ ಕಾಣತೈತಿ, ಒಮ್ಮೆಲೆ ಬಡದ್ರ ಒಮ್ಮೆಲೆ ಹೋಗತಾರ. ಎರಡೂ ಹಿಮ್ಮಡಿ ಮುಗಿಸಿ, ಬಿಲ್ಲೆಗೆ ಉಂಗುರ ಹಾಕಿ ದಾರಕ್ಕ ಪೋಣಿಸಿದ್ರ ಅವರ ಜೀವಾ ಮುಗೀತು. ನಮ್ಮ ಮುತ್ಯಾನ ಕಾಲದ ವಿದ್ಯಾರಿ ಅದು. ನಾ ಒಲ್ಲೆ ಅಂದಿದ್ದೆ. ಆದ್ರ ನನ್ನ ಮಗಳು ಸಪ್ನಾ ನಿಮ್ಮ ಕ್ಲಾಸಿನಾಗ ಪುಗಸಟ್ಟೆ ಕುಂಡರತಾಳ್ರಿ. ಡಾಕ್ಟರ್ ಆಗಬೇಕಂತಾಳ.”

ಮುಂದಿನ ಬೆಂಚಿನ ಸಪ್ನಾ. ಜಾಣ ಹುಡುಗಿ. ಅವಳಿಗೆ ನರಕೋಶದ ಪಾಠ ಮಾಡಿದ್ದು ತಾನೇ. ಇಲ್ಲಿ ಸ್ನೇಹಲಳಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಪೊಲೀಸರ ಬಳಿ ಹೋಗಿ ಏನು ಹೇಳುವುದು, ಬಂಗಾರದಲ್ಲಿ ಪಾದ ಬಡಿದರೆಂದೇ? ಅವಳಿಗೆ ಎಲ್ಲವೂ ಲೆಕ್ಕದಂತೆ ತಣ್ಣಗೆ ಕಾಣತೊಡಗಿತು. ಒಬ್ಬ ಹೆಂಡತಿ ಅಕಾಡೆಮಿ ಕಟ್ಟಿದಳು, ಕುರ್ಚಿ ಅವನಿಗಾಯಿತು. ಎರಡನೆಯವಳು ಬ್ರಾಂಚು ಬೆಳೆಸಿದಳು, ಇಂದಲ್ಲ ನಾಳೆ ಕುರ್ಚಿ ಕೇಳುತ್ತಾಳೆ. ಅವಳನ್ನೂ ಗೋಡೆಗೆ ಏರಿಸಿದರೆ ಹೆಸರು ಅಕಾಡೆಮಿಗೆ ಉಳಿಯುತ್ತದೆ, ಕುರ್ಚಿ ಅವನಿಗೆ. ಬಿಳಿ ಬಟ್ಟೆಯನ್ನು ಟ್ರಂಕಿನಿಂದ ತೆಗೆದುಕೊಟ್ಟವಳು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

“ಕರಗಸ್ರಿ ಇದನ್ನ” ಎಂದು ತನ್ನ ಹೆಜ್ಜೆಯ ಬಟ್ಟೆಯನ್ನು ಎಳೆದು ಕುಲುಮೆಗೆ ಹಾಕಿದಳು.

“ಕರಗಸತೇನ್ರಿ. ಆದ್ರ ಬಡದ ಬಂಗಾರ ಖಾಲಿ ಇರೂದಿಲ್ಲ. ಇನ್ನೊಬ್ಬರ ಪಾದಾ ಕೂಡಬೇಕು. ಇಲ್ಲಂದ್ರ ನಿಮ್ಮವ ತಿರುಗಿ ಏಳತಾವ.” ಸ್ವಲ್ಪ ತಡೆದು ಅಂದ, “ಹೋದ ಬೆರಳಿಗೆ ಜೀವಾ ಬರತೈತಂತ ನಾ ಹೇಳೂದಿಲ್ರಿ, ಮೇಡಂ.”

“ಪಾದಾ ನಾ ತಂದು ಕೊಡತೀನಿ. ಅವರಿಗೆ ಒಂದು ಮಾತು ತಿಳೀಬಾರದು. ಸಪ್ನಾ ನನ್ನ ಕ್ಲಾಸಿನಾಗ ಕುಂಡರಬೇಕೋ, ಬ್ಯಾಡೋ?”

ಮೋನಪ್ಪ ಕೈಮುಗಿದ.

ಭೀಮನ ಅಮಾವಾಸ್ಯೆ ಬಂತು. ಹೆಂಡಂದಿರು ಗಂಡನ ಪಾದ ಪೂಜಿಸುವ ದಿನ. ಕಳೆದ ವರ್ಷ ಊರವರು ಪೂಜೆ ಮಾಡುವುದನ್ನು ಕಂಡು ನಕ್ಕಿದ್ದ ಸ್ನೇಹಲ ಈ ವರ್ಷ ತಾನೇ ಮಣೆ ಹಾಕಿದಳು. ಸುಶೀಲೇಂದ್ರ ಮೊಬೈಲಿನಲ್ಲಿ ಬಬಲೇಶ್ವರದ ಹೊಸ ಬ್ರಾಂಚಿನ ಉದ್ಘಾಟನೆಗೆ ಪೆಂಡಾಲಿನವನ ಜೊತೆ ಚೌಕಾಸಿ ಮಾಡುತ್ತಲೇ ಕಾಲು ಚಾಚಿದ. ಅವಳು ನೀರೆರೆದಳು, ಕುಂಕುಮ ಹಚ್ಚಿದಳು, ಹೂವೇರಿಸಿದಳು. ಆಮೇಲೆ ನೆಲಕ್ಕೆ ಬಿಳಿ ಪಂಚೆ ಹಾಸಿ “ಕಾಲು ಒರಸಿಕೋರಿ” ಎಂದಳು.

ಅವನು ಪಂಚೆಯ ಮೇಲೆ ನಿಂತ, ಫೋನ್ ಕಿವಿಯಲ್ಲೇ. ಹೆಂಡತಿಯ ತಲೆ ತನ್ನ ಪಾದಕ್ಕೆ ಬಾಗಿದ್ದನ್ನು ನೋಡಿದನೇ ಹೊರತು ಪಾದದ ಕೆಳಗಿನ ಬಟ್ಟೆ ನೋಡಲಿಲ್ಲ. ಬೇರೆಯವರ ಪಾದ ಕದಿಯುವವನಿಗೆ ತನಗೂ ಎರಡು ಪಾದ ಇವೆಯೆಂಬುದು ಮರೆತಿತ್ತು.

“ಈಗ ಬುದ್ಧಿ ಬಂತು ನೋಡು ನಿನಗ” ಎಂದು ನಕ್ಕ.

“ಹೌದ್ರಿ” ಎಂದಳು ಸ್ನೇಹಲ, ಕೆಂಪು ಹೆಜ್ಜೆ ಮೂಡಿದ ಪಂಚೆಯನ್ನು ಮಡಚುತ್ತ.

ಶ್ರಾವಣದ ಮೊದಲ ಸೋಮವಾರ ಬಬಲೇಶ್ವರದಲ್ಲಿ ಉದ್ಘಾಟನೆ. “ಮುಂಜಾನಿಂದ ಕಾಲು ಜೋಮು ಹಿಡದಾವ” ಎಂದು ಸುಶೀಲೇಂದ್ರ ಕಾರಿನಲ್ಲಿ ಎರಡು ಸಲ ಕಾಲು ಝಾಡಿಸಿದ. ಅವಳು ಕಿಟಕಿಯ ಆಚೆ ಕಬ್ಬಿನ ಹೊಲ ನೋಡುತ್ತಿದ್ದಳು. ಪೆಂಡಾಲಿನಲ್ಲಿ ಮಗಳ ಜೊತೆ ಬಂದಿದ್ದ ಮೋನಪ್ಪ, ಪ್ರಸಾದ ಕೊಡುವವನಂತೆ ಒಂದು ಕುಂಕುಮದ ಪೊಟ್ಟಣವನ್ನು ಸ್ನೇಹಲಳ ಕೈಗಿಟ್ಟು ಸರಿದ. ಒಳಗೆ ಬಿಲ್ಲೆ. ಕುಲುಮೆಯ ಬಿಸಿ ಇನ್ನೂ ಆರಿರಲಿಲ್ಲ.

ವೇದಿಕೆಯ ಮೇಲೆ ಐದು ಬತ್ತಿಯ ದೀಪ. ಎಣ್ಣೆಯ ಕಮಟು, ಸೇವಂತಿಗೆಯ ವಾಸನೆ, ಮೈಕಿನ ಕಿರುಚು. ಸುಶೀಲೇಂದ್ರ ಮೇಣದ ಬತ್ತಿ ಹಿಡಿದು ಬಾಗಿದ. ಅವನ ಹಿಂದೆ ನಿಂತ ಸ್ನೇಹಲ ಕೊರಳಿನ ಕರಿಮಣಿ ಸರವನ್ನು ಹೊರಗೆಳೆದಳು. ಕೊಂಡಿ ಬಿಚ್ಚಿದಳು. ಬಿಲ್ಲೆ ಪೋಣಿಸಿದಳು. ಕೊಂಡಿ ಹಾಕಿದಳು.

ಮೊದಲ ಬತ್ತಿ ಹತ್ತಿತು. ಅವನ ಮೊಣಕಾಲು ಕುಸಿಯಿತು. ಎರಡನೆಯ ಬತ್ತಿಗೆ ಕೈ ಚಾಚಿದ. ಕೈ ನಿಂತಿತು. ದೀಪ ಉರುಳಿತು. ಎಣ್ಣೆ ಹರಿಯಿತು. ಜನ ಕೂಗಿದರು. ಅವನು ಬೆನ್ನ ಮೇಲೆ ಬಿದ್ದ. ಕಣ್ಣು ಮಾತ್ರ ಆಡುತ್ತಿದ್ದವು. ಸ್ನೇಹಲ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವಳು ಬಾಗಿದಾಗ ಸರ ಅವನ ಮುಖದ ಮುಂದೆ ತೂಗಿತು. ಎರಡು ಬಿಲ್ಲೆ. ಒಂದರ ಮೇಲೆ ಹೆಣ್ಣಿನ ಪಾದ. ಇನ್ನೊಂದರ ಮೇಲೆ ಗಂಡಿನದು. ಅವನು ನೋಡಿದ. ತಿಳಿದ. ಬಾಯಿ ತೆರೆದ. ಆ ಬಾಯಿ ಹಾಗೇ ಉಳಿಯಿತು.

ಉಪ್ಪು ತಿಂದವ ನೀರು ಕುಡಿದ. ಡಾಕ್ಟರು ಪಾರ್ಶ್ವವಾಯು ಎಂದು ಬರೆದರು. ಇಂದಿರಾಬಾಯಿ ಮಗನ ಹೆಣದ ಮುಂದೆ ಕೂತು ಅಳುತ್ತ, ಅಷ್ಟೂ ಹೊತ್ತು ಸೊಸೆಯ ಕೊರಳನ್ನೇ ನೋಡುತ್ತಿದ್ದಳು. ಬಳೆ ಒಡೆಯಬೇಕೆಂದು ಹೆಂಗಸರು ಬಂದಾಗ ಸ್ನೇಹಲ “ಅದೆಲ್ಲಾ ಈಗ ಇಲ್ರಿ” ಎಂದು ಹಸಿರು ಬಳೆಗಳನ್ನು ತಾನೇ ಕಳಚಿ ಗೋಡೆಯ ಮಾಡದಲ್ಲಿಟ್ಟಳು. ಅತ್ತೆ ಆ ಮಾಡವನ್ನೊಮ್ಮೆ ನೋಡಿದಳು.

ಹದಿಮೂರನೆಯ ದಿನ ಕಳೆದ ಮೇಲೆ ಸ್ನೇಹಲ ಆ ಕುರ್ಚಿಯಲ್ಲಿ ಕೂತಳು. ಇಷ್ಟು ದಿನ ಬಯಸಿದ ಕುರ್ಚಿ. ಏನಾದರೂ ಅನಿಸಬಹುದೆಂದು ಸ್ವಲ್ಪ ಹೊತ್ತು ಕಾದಳು. ಏನೂ ಅನಿಸಲಿಲ್ಲ, ಕಡತಕ್ಕೆ ಸಹಿ ಹಾಕಿದಳು. ಗುಟ್ಟು ಬಲ್ಲವನ ಮಗಳು ಕಣ್ಣೆದುರಿಗೆ ಇರಬಾರದೆಂದು ಆ ವಾರವೇ ಸಪ್ನಾಳನ್ನು ಕ್ಲಾಸಿನಿಂದ ಬಿಡಿಸಿದಳು. ಹುಡುಗಿ ಬಾಗಿಲಲ್ಲಿ ನಿಂತು ಅತ್ತಳು. ಸ್ನೇಹಲ ನೋಡಿದಳು, ಕಾಗದದ ಮೇಲಿನ ಚಿತ್ರ ನೋಡಿದ ಹಾಗೆ. ಕೆಲಸ ಮುಗಿಯಿತಲ್ಲ ಎಂದು ಮೃಣಾಲಳ ಬಿಲ್ಲೆಯನ್ನೂ ಕೊರಳಿನಿಂದ ತೆಗೆದು ಮೇಜಿನ ಖಾನೆಗೆ ಹಾಕಿದಳು. ಅಂದಿನಿಂದ ಮರುಗದ ವಾಸನೆ ಮತ್ತೆಲ್ಲೂ ಬರಲಿಲ್ಲ. ಭೂಮಿ ಸಡಿಲದಂತೆ ತನ್ನ ಹಿಮ್ಮಡಿಯನ್ನು ಬಿಗಿಯಾಗಿ ಹಿಡಿದುಕೊಂಡವಳು ಮೃಣಾಲ ಒಬ್ಬಳೇ ಎಂಬುದು ಸ್ನೇಹಲಳಿಗೆ ನೆನಪಾಗಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅತ್ತೆಯ ಕಾಲ ಮುಗಿಯಿತೆಂದು ಸೊಸೆ ತಿಳಿದಿದ್ದಳು.

ಒಂದು ಬೆಳಿಗ್ಗೆ ಸ್ನೇಹಲ ಸ್ನಾನ ಮುಗಿಸಿ, ಬರಿಗಾಲಲ್ಲಿ ಬಚ್ಚಲಿನಿಂದ ನಡುಮನೆಗೆ ಬಂದಳು. ಒದ್ದೆ ಕೂದಲನ್ನು ಝಾಡಿಸುತ್ತ, ಆ ದಿನದ ಮೀಟಿಂಗಿನ ಯೋಚನೆಯಲ್ಲಿ. ಇಂದಿರಾಬಾಯಿ ದೇವರ ಕೋಣೆಯ ಬಾಗಿಲಲ್ಲಿ ಗೋಡೆಗೊರಗಿ ಕೂತಿದ್ದಳು. ಹೊರಗೆ ಹೊರಟವಳಂತೆ ಮಡಿಲಲ್ಲಿ ಕೈಚೀಲ.

“ಯಾಕ್ರಿ ಅತ್ಯಾ, ಹಿಂಗ ಕುಂತೀರಿ?”

ಮುದುಕಿ ಸೊಸೆಯ ಹಿಂದೆ ನೆಲವನ್ನು ನೋಡುತ್ತಿದ್ದಳು. ಸ್ನೇಹಲ ತಿರುಗಿ ನೋಡಿದಳು.

ಬಚ್ಚಲಿನ ಹೊಸ್ತಿಲಲ್ಲಿ ಹಸಿರು ಗಾಜಿನ ಚೂರು. ಮಾಡದಲ್ಲಿಟ್ಟ ಬಳೆಗಳನ್ನು ಯಾರೋ ಸಣ್ಣಗೆ ಕುಟ್ಟಿ ಹರವಿದ್ದರು. ಹೊಸ್ತಿಲಿನಿಂದ ಈಚೆಗೆ, ನಡುಮನೆಯ ಉದ್ದಕ್ಕೂ, ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಅವಳ ಹೆಜ್ಜೆಗಳು. ಕೆಂಪಗೆ. ಹಸಿಯಾಗಿ. ಪಕ್ಕದ ಬೆರಳಿನ ಮೇಲೆ ಹತ್ತಿ ಕೂತ ಕಿರುಬೆರಳೂ ಸ್ಪಷ್ಟವಾಗಿ. ಮದುವೆಯ ದಿನದ ಹೆಜ್ಜೆಗಳಂತೆಯೇ ಇದ್ದವು. ಈ ಸಲ ಕುಂಕುಮ ಮಾತ್ರ ಇರಲಿಲ್ಲ.

ನೋವು? ಮೃಣಾಲಳ ಹಿಡಿತ ಬಿಟ್ಟ ಮೇಲೆ ಮರಗಟ್ಟಿದ್ದ ಬಲ ಹಿಮ್ಮಡಿಯಲ್ಲೂ ಇರಲಿಲ್ಲ.

ಇಂದಿರಾಬಾಯಿ ಮೊಣಕಾಲು ಹಿಡಿದು ಎದ್ದಳು. ಬಟ್ಟೆಯನ್ನು ಒಂದು ತುದಿಯಿಂದ ಮಡಚುತ್ತ ಬಂದಳು. ಮೊದಲಿನಂತೆಯೇ ಜೋಪಾನವಾಗಿ, ಅಕ್ಕರೆಯಿಂದ. ಕೈಚೀಲದಲ್ಲಿಟ್ಟಳು.

“ಎಲ್ಲಿಗ್ರಿ?” ಎಂದಳು ಸ್ನೇಹಲ. ಉತ್ತರ ಗೊತ್ತಿತ್ತು.

“ತಿಕೋಟಾಕ್ಕ. ಮೋನಪ್ಪ ದಾರಿ ಕಾಯಲಿಕತ್ತಾನ. ಅವಂಗೂ ಮಗಳಿದ್ದಾಳ, ನನಗೂ ಮಗಾ ಇದ್ದ.” ಚಪ್ಪಲಿ ಮೆಟ್ಟುತ್ತ ಅಂದಳು, “ಅಮಾಶಿ ತನಕ ಕಾಯಿ ಅಂದ ಅಂವ. ನಾ ಒಲ್ಲೆ ಅಂದೆ. ಒಂದ ಸಲಾ ಎಲ್ಲಾ ಬಡೀ ಅಂದೇನಿ.”

ಬಾಗಿಲು ಮುಚ್ಚಿತು. ಬೆನ್ನಟ್ಟಿ ಓಡಬಹುದಾಗಿತ್ತು. ಮುದುಕಿ ಬಸ್ ನಿಲ್ದಾಣಕ್ಕೆ ಹೋಗುವುದಕ್ಕೇ ಅರ್ಧ ತಾಸು ಬೇಕು. ಚೀಲ ಕಿತ್ತುಕೊಳ್ಳಬಹುದಾಗಿತ್ತು, ಬಟ್ಟೆಯನ್ನು ಸುಡಬಹುದಾಗಿತ್ತು. ಓಡಲು ಹೆದರಿಕೆ ಬೇಕು. ಸ್ನೇಹಲ ತನ್ನೊಳಗೆ ಹೆದರಿಕೆಯನ್ನು ಹುಡುಕಿದಳು. ಬದುಕುವ ಆಸೆಯನ್ನು ಹುಡುಕಿದಳು. ಕುರ್ಚಿಯನ್ನು ನೆನೆದಳು, ಸೊಲ್ಲಾಪುರದ ಅವ್ವನನ್ನು ನೆನೆದಳು. ಯಾವುದೂ ಎದ್ದು ಬರಲಿಲ್ಲ.

ಗೋಡೆ ಹಿಡಿದು ನೆಲಕ್ಕೆ ಕೂತಳು. ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೇರೆ ಯಾರದೋ ಪಾದವನ್ನು ಶುಚಿ ಮಾಡುವವಳಂತೆ ಗಾಜಿನ ಚೂರುಗಳನ್ನು ಒಂದೊಂದಾಗಿ ಕೀಳತೊಡಗಿದಳು. ಪಕ್ಕದಲ್ಲಿ ಪೂಜೆಯ ಹಿತ್ತಾಳೆ ತಟ್ಟೆ ಇತ್ತು, ಅದರಲ್ಲಿ ಹಾಕಿದಳು.

ಟಿಣ್.

ಟಿಣ್.

ತಟ್ಟೆಯ ಸದ್ದೋ, ಎಲುಬಿನ ಸದ್ದೋ ಎಂದು ಅವಳು ಕಿವಿಗೊಡಲಿಲ್ಲ. ಮುಂದಿನ ಚೂರಿಗೆ ಕೈ ಹಾಕಿದಳು.